ಹೆಸರುಕಾಳಿಗೂ ಗಗನಯಾನಿಗೂ ‘ಕೆಳಗೆ’ ಯಾವ ಕಡೆ ಅಂತ ಹೇಳೋರು ಯಾರು?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಇವತ್ತಿನ ಮಾತು ಬಾಹ್ಯಾಕಾಶದ್ದು. ಆದರೆ ಶುರು ಮಾಡೋದು ನವಲಗುಂದದ ಎರೆಹೊಲದಿಂದ.

ಮುಂಗಾರು ಮಳೆ ಹದವಾಗಿ ಬಿತ್ತು ಅಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಹೆಸರು ಬಿತ್ತುತ್ತಾರೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ನಡೆಯುವವರು ಯಾವ ಕಾಳಿಗೂ ‘ನೀನು ಹೀಗೆ ಮಲಗು, ಬೇರು ಈ ಕಡೆ ಬಿಡು’ ಅಂತ ಹೇಳುವುದಿಲ್ಲ. ಒಂದು ಅಡ್ಡ ಬೀಳುತ್ತದೆ, ಒಂದು ಓರೆ ಬೀಳುತ್ತದೆ, ಇನ್ನೊಂದು ತಲೆಕೆಳಗಾಗಿ ಬೀಳುತ್ತದೆ. ಮಣ್ಣಿನೊಳಗೆ ಕಗ್ಗತ್ತಲು. ಆದರೂ ಬೇರು ಕೆಳಕ್ಕೇ ಹೋಗುತ್ತದೆ, ಮೊಳಕೆ ಮೇಲಕ್ಕೇ ಬರುತ್ತದೆ. ಸಣ್ಣವನಿದ್ದಾಗ ಇದನ್ನ ನಮ್ಮಜ್ಜನ್ನ ಕೇಳಿದ್ದೆ. ‘ಭೂಮಿತಾಯಿ ಕರೀತಾಳ, ಅದು ಹೋಗತೈತಿ, ನೀ ಬಾಯಿ ಮುಚ್ಚಕೊಂಡು ಬಟ್ಟಲ ಹಿಡಿ’ ಅಂದಿದ್ದ. ಅಜ್ಜ ತಪ್ಪು ಹೇಳಿರಲಿಲ್ಲ ನೋಡ್ರಿ. ಭೂಮಿ ಕರೆಯುವುದು ನಿಜ. ಆ ಕರೆ ಕಾಳಿಗೆ ಹೇಗೆ ಕೇಳಿಸುತ್ತದೆ ಅನ್ನೋದು ಪ್ರಶ್ನೆ. ಭೂಮಿಯ ಕರೆ ಕೇಳಿಸದ ಕಡೆ ಹೋದರೆ ಏನಾಗುತ್ತದೆ ಅನ್ನೋದು ಎರಡನೇ ಪ್ರಶ್ನೆ.

ಎರಡನೇ ಪ್ರಶ್ನೆಗೆ ಧಾರವಾಡದ ಹೆಸರುಕಾಳೇ ಸಾಕ್ಷಿಯಾಗಿ ಹೋಗಿಬಂದಿದೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ರಾಕೇಶ್ ಶರ್ಮಾ 1984ರಲ್ಲಿ ಹೋಗಿಬಂದ ಮೇಲೆ ಬಾಹ್ಯಾಕಾಶಕ್ಕೆ ಹೋದ ಎರಡನೇ ಭಾರತೀಯ ಪ್ರಜೆ ಇವರು. ಅಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಒಂದು ನಮ್ಮೂರಿನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ ಮತ್ತು ಧಾರವಾಡ ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರ ತಂಡ ಹೆಸರುಕಾಳು, ಮೆಂತ್ಯೆಕಾಳು ಕೊಟ್ಟು ಕಳಿಸಿತ್ತು. ಅವಕ್ಕೆ ನೀರುಣಿಸಿ, ಮೊಳಕೆ ಬರಿಸಿ, ಶೈತ್ಯಪೆಟ್ಟಿಗೆಯಲ್ಲಿಟ್ಟು ವಾಪಸ್ ತರುವುದು ಶುಕ್ಲಾ ಅವರ ಕೆಲಸ. ಜೂನ್ ತಿಂಗಳು ನಮ್ಮ ಕಡೆ ಹೆಸರು ಬಿತ್ತನೆಯ ಕಾಲ ಅನ್ನೋದು ಬರೀ ಕಾಕತಾಳೀಯ. ಆದರೂ ನನಗೆ ಅದು ಬಹಳ ಹಿಡಿಸಿತು.

ಮನುಷ್ಯರ ಸಮತೋಲನದ ಬಗ್ಗೆ ಹೇಳ್ತೀನಿ ಅಂತ ಬಂದವನು ಮೊಳಕೆಕಾಳು ಹಿಡಕೊಂಡು ಕೂತಾನಲ್ಲ ಅಂತೀರಾ? ಕಾರಣ ಇದೆ. ಬೇರಿನ ತುದಿಯಲ್ಲೂ ನಮ್ಮ ಕಿವಿಯೊಳಗೂ ಇರೋದು ಒಂದೇ ಉಪಾಯ.

ಬೇರಿನ ತುದಿಗೆ ಒಂದು ಸಣ್ಣ ಟೊಪ್ಪಿಗೆಯಂಥ ಭಾಗ ಇರುತ್ತದೆ. ಅದರ ಜೀವಕೋಶಗಳೊಳಗೆ ಪಿಷ್ಟದ ಹರಳುಗಳಿವೆ. ಪಿಷ್ಟ ಅಂದರೆ ಅಕ್ಕಿ, ಜೋಳದಲ್ಲಿರುವ ಹಿಟ್ಟಿನಂಶವೇ. ಈ ಹರಳು ಸುತ್ತಲಿನ ದ್ರವಕ್ಕಿಂತ ಭಾರ, ಹಾಗಾಗಿ ತಳಕ್ಕೆ ಕೂರುತ್ತದೆ. ಹರಳು ಕೂತದ್ದು ಯಾವ ಕಡೆಯೋ ಅದೇ ‘ಕೆಳಗೆ’. ಬೇರು ಅಡ್ಡ ಬಿದ್ದಿದ್ದರೆ ಹರಳು ಪಕ್ಕಕ್ಕೆ ಉರುಳುತ್ತದೆ, ಬೆಳವಣಿಗೆಯ ರಸ ಆ ಕಡೆ ಹೆಚ್ಚು ಸೇರುತ್ತದೆ, ಬೇರು ಬಗ್ಗುತ್ತದೆ.

ಈಗ ಕಿವಿಗೆ ಬರೋಣ. ನಾವು ಕಿವಿ ಅಂದರೆ ಕೇಳೋದಕ್ಕೆ ಅಂದುಕೊಂಡಿದ್ದೀವಿ. ಒಳಗಿವಿಯ ಅರ್ಧ ಭಾಗಕ್ಕೆ ಕೇಳುವ ಕೆಲಸವೇ ಇಲ್ಲ. ಅಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳ ಒಳಗೆ ಲೋಳೆಯಂಥ ಹಾಸು, ಹಾಸಿನ ಮೇಲೆ ಸುಣ್ಣದ ಸೂಕ್ಷ್ಮ ಹರಳುಗಳು. ಈ ಹರಳು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ತಲೆ ಓರೆ ಮಾಡಿದರೆ ಹರಳು ಜಾರುತ್ತದೆ, ಅಡಿಯ ರೋಮಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಪಂಚಮಿ ಜೋಕಾಲಿಯಲ್ಲಿ ಜೀಕುವಾಗ, ಬಸ್ಸು ದಿಢೀರನೆ ಬ್ರೇಕು ಹಾಕಿದಾಗ ಅಲುಗುವುದೂ ಈ ಹರಳೇ. ಒಂದು ಮಾತು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತದೆ: ತಲೆ ಓರೆಯಾದರೂ ಹರಳು ಜಾರುತ್ತದೆ, ಮೈ ಮುಂದಕ್ಕೆ ದೂಡಿದರೂ ಜಾರುತ್ತದೆ. ಎರಡರಲ್ಲಿ ಯಾವುದು ಅಂತ ತೀರ್ಮಾನ ಮಾಡುವುದು ಮಿದುಳು.

ಚೀಲಗಳ ಪಕ್ಕದಲ್ಲಿ ಮೂರು ಬಾಗಿದ ಕೊಳವೆಗಳಿವೆ, ಒಳಗೆ ದ್ರವ. ಇವು ತಿರುಗುವುದನ್ನು ಹೇಳುತ್ತವೆ. ಹೇಗೆ ಅಂತ ತಿಳಿಯಬೇಕಾದರೆ ಒಂದು ಚರಿಗಿಯಲ್ಲಿ ನೀರು ತಗೊಂಡು ಮೇಲೆ ಒಂದು ಹುಲ್ಲುಕಡ್ಡಿ ತೇಲಿಬಿಡ್ರಿ. ಚರಿಗಿಯನ್ನು ಗರಕ್ಕನೆ ತಿರುಗಿಸಿದರೆ ಕಡ್ಡಿ ಮೊದಲು ನಿಂತಲ್ಲೇ ನಿಲ್ಲುತ್ತದೆ. ತಿರುಗಿಸುತ್ತಲೇ ಇದ್ದರೆ ನಿಧಾನವಾಗಿ ನೀರೂ ಸುತ್ತುತ್ತದೆ. ಆಮೇಲೆ ಚರಿಗಿ ನಿಲ್ಲಿಸಿದರೂ ನೀರು ನಿಲ್ಲುವುದಿಲ್ಲ. ಮಕ್ಕಳು ಅಂಗಳದಲ್ಲಿ ಗಿರಗಿರ ತಿರುಗಿ ನಿಂತಮೇಲೂ ಮನೆ ತಿರುಗುತ್ತದಲ್ಲ, ಅದು ಇದೇ. ಕಾಲು ನಿಂತಿದೆ, ಕಿವಿಯ ನೀರು ನಿಂತಿಲ್ಲ.

ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆ ನೆನಪು ಮಾಡಿಕೊಳ್ರಿ. ಮಿದುಳು ಅಲ್ಲಿ ಕೂತ ಪಂಚ. ‘ಈ ದೇಹ ಈಗ ಹೇಗಿದೆ’ ಅನ್ನುವ ವ್ಯಾಜ್ಯಕ್ಕೆ ಮೂರು ಸಾಕ್ಷಿ: ಕಿವಿ, ಕಣ್ಣು, ಮತ್ತು ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಸುದ್ದಿ. ಮೂವರೂ ಒಂದೇ ಹೇಳಿದರೆ ನಮಗೆ ಏನೂ ಗೊತ್ತೇ ಆಗುವುದಿಲ್ಲ, ಸುಮ್ಮನೆ ನಡೆಯುತ್ತೀವಿ. ಮೂವರಲ್ಲಿ ಜಗಳ ಬಂದರೆ ಹೊಟ್ಟೆ ತೊಳಸುತ್ತದೆ. ಕಲಘಟಗಿಯಿಂದ ಯಲ್ಲಾಪುರ ದಾಟಿ ಅಂಕೋಲೆಗೆ ಹೋಗುವವರಿಗೆ ಅರಬೈಲ್ ಘಟ್ಟ ಗೊತ್ತು. ಅಲ್ಲಿ ಮೊಬೈಲ್ ನೋಡುತ್ತಾ ಕೂತವರೇ ಮೊದಲು ಕಿಟಕಿಗೆ ತಲೆ ಹಾಕುವುದು. ಕಣ್ಣು ‘ಎಲ್ಲಾ ನಿಂತೈತಿ’ ಅನ್ನುತ್ತದೆ, ಕಿವಿ ‘ಏ, ನಾವು ತಿರಗಾಕತ್ತೇವಿ’ ಅನ್ನುತ್ತದೆ. ಹೊರಗಿನ ದಾರಿ ನೋಡುತ್ತಾ ಕೂತ ಡ್ರೈವರ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಇನ್ನು ಮೇಲೆ ಹೋಗೋಣ. ಬಾಹ್ಯಾಕಾಶ ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲವೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಇದೆ. ನೆಲದ ಮೇಲಿನ ಸೆಳೆತದ ಸುಮಾರು ಶೇ 90ರಷ್ಟು ಅಲ್ಲೂ ಇದೆ. ಆದರೆ ನಿಲ್ದಾಣ, ಒಳಗಿನ ಮನುಷ್ಯ, ಅವನ ಕಿವಿಯ ಹರಳು, ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುತ್ತವೆ. ಜೊತೆಗೇ ಬೀಳುವ ಹರಳು ಹಾಸಿನ ಮೇಲೆ ಭಾರ ಹಾಕುವುದು ಹೇಗೆ? ಜೋಕಾಲಿ ಮೇಲೆ ಹೋಗಿ ಇನ್ನೇನು ಕೆಳಗೆ ಬರಬೇಕು ಅನ್ನುವ ಗಳಿಗೆಯಲ್ಲಿ ಹೊಟ್ಟೆಯೊಳಗೆ ಝಲ್ಲೆನ್ನುತ್ತದಲ್ಲ, ಅದೇ ಗಳಿಗೆಯನ್ನು ದಿನಗಟ್ಟಲೆ ಎಳೆದಂತೆ. ಶುಕ್ಲಾ ಅವರಿಗೆ ಅದು ನಿಲ್ದಾಣದಲ್ಲೇ 18 ದಿನ.

ಈಗ ಪಂಚಾಯ್ತಿ ಕೆಡುತ್ತದೆ. ಮೂರು ಕೊಳವೆಗಳು ಮೊದಲಿನಂತೆ ಕೆಲಸ ಮಾಡುತ್ತವೆ, ಯಾಕಂದರೆ ಅವಕ್ಕೆ ತೂಕ ಬೇಕಿಲ್ಲ. ತಲೆ ಬಗ್ಗಿಸಿದರೆ ‘ಬಗ್ಗಿತು’ ಅನ್ನುತ್ತವೆ. ಹರಳು ‘ನನಗೇನೂ ಗೊತ್ತಾಗಲಿಲ್ಲ’ ಅನ್ನುತ್ತದೆ. ಅಂಗಾಲಿಗೆ ನೆಲವೇ ಇಲ್ಲ. ಕಣ್ಣು ನೋಡಿದರೆ ಎದುರಿಗಿರುವವನು ತಲೆಕೆಳಗಾಗಿ ಊಟ ಮಾಡುತ್ತಿದ್ದಾನೆ. ಅವನು ತಲೆಕೆಳಗೋ, ನಾನೋ? ಮೊದಲ ದಿನ ‘ನಾನೇ ತಲೆಕೆಳಗಾಗಿ ತೂಗಾಡುತ್ತಿದ್ದೇನೆ’ ಅನ್ನುವ ಭ್ರಮೆ ಎಷ್ಟೋ ಗಗನಯಾನಿಗಳಿಗೆ ಬಂದಿದೆ. ಕಣ್ಣು ಮುಚ್ಚಿದರೂ ಅದು ಹೋಗುವುದಿಲ್ಲ.

ಸೋವಿಯತ್ ಒಕ್ಕೂಟದ ಗೆರ್ಮನ್ ತಿತೋವ್ 1961ರ ಆಗಸ್ಟ್‌ನಲ್ಲಿ ಒಂದು ದಿನಕ್ಕೂ ಹೆಚ್ಚು ಹೊತ್ತು ಕಕ್ಷೆಯಲ್ಲಿದ್ದರು. ಬಾಹ್ಯಾಕಾಶದಲ್ಲಿ ಹೊಟ್ಟೆ ತೊಳಸಿದ ಮೊದಲ ಮನುಷ್ಯ ಅವರು. ಆಗ ವಯಸ್ಸು 25, ಗಟ್ಟಿಮುಟ್ಟಾದ ಯುದ್ಧವಿಮಾನ ಚಾಲಕ. 1969ರ ಅಪೋಲೋ-9ರಲ್ಲಿ ರಸ್ಟಿ ಶ್ವೈಕಾರ್ಟ್ ಅವರಿಗೆ ವಾಂತಿಯಾಗಿ, ನೌಕೆಯ ಹೊರಗೆ ಹೋಗುವ ಕೆಲಸವನ್ನೇ ಮುಂದೂಡಬೇಕಾಯಿತು. ಸೀಲು ಮಾಡಿದ ಶಿರಸ್ತ್ರಾಣದೊಳಗೆ ವಾಂತಿಯಾದರೆ ಅದು ಮುಖದ ಮುಂದೆಯೇ ತೇಲುತ್ತದೆ, ಉಸಿರಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಮೊದಲ ಎರಡು ಮೂರು ದಿನ ಇಂಥ ತೊಂದರೆ ಅನುಭವಿಸುವವರು ಹತ್ತರಲ್ಲಿ ಆರೇಳು ಜನ. ಭೂಮಿಯ ಮೇಲೆ ಬಸ್ಸಿನಲ್ಲಿ ವಾಂತಿ ಮಾಡದವರೂ ಅಲ್ಲಿ ಮಾಡುತ್ತಾರೆ, ಹಾಗಾಗಿ ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಶುಕ್ಲಾ ಅವರು ಮೇಲಿಂದ ಮಾತಾಡುತ್ತಾ, ನಡೆಯೋದು, ತಿನ್ನೋದು ಎಲ್ಲವನ್ನೂ ಮಗುವಿನ ಹಾಗೆ ಹೊಸದಾಗಿ ಕಲೀತಿದ್ದೇನೆ ಅಂದಿದ್ದರು. ನಿಲ್ದಾಣದ ಸ್ವಾಗತದ ವೇಳೆ ತಲೆ ಸ್ವಲ್ಪ ಭಾರ, ಸ್ವಲ್ಪ ತೊಂದರೆ ಇದೆ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದರು.

ಸಹಾಯಕ್ಕೆ ನಿಲ್ದಾಣದೊಳಗೆ ಒಂದು ಸುಳ್ಳು ಮೇಲು-ಕೆಳಗು ಮಾಡಿಟ್ಟಿದ್ದಾರೆ. ದೀಪಗಳು ಒಂದೇ ಕಡೆ, ಅದು ‘ಚಾವಣಿ’. ಗೋಡೆಯ ಬರಹಗಳೆಲ್ಲ ಅದಕ್ಕೆ ಹೊಂದುವಂತೆ. ಕಣ್ಣಿನ ಸಾಕ್ಷಿಗೆ ಬಲ ಕೊಡುವ ಉಪಾಯ ಅದು.

ಮೂರು ದಿನ, ನಾಲ್ಕು ದಿನ ಕಳೆಯಿತು ಅನ್ನಿ. ಪಂಚ ಒಂದು ತೀರ್ಮಾನಕ್ಕೆ ಬರುತ್ತಾನೆ. ಕಿವಿಯ ಹರಳು ಇನ್ನು ಓರೆಯ ಸುದ್ದಿ ಹೇಳುವುದಿಲ್ಲ, ಅದು ಅಲುಗಿದರೆ ಮೈ ಯಾವುದೋ ಕಡೆ ದೂಡಿಕೊಂಡು ಹೋಗುತ್ತಿದೆ ಅಂತಲೇ ಅರ್ಥ. ಕಣ್ಣನ್ನು ಹೆಚ್ಚು ನಂಬು. ಈ ಹೊಸ ತೀರ್ಪು ಅಲ್ಲಿಗೆ ಸರಿಯಾಗಿಯೇ ಇದೆ. ಹೊಟ್ಟೆ ತೊಳಸುವುದು ನಿಲ್ಲುತ್ತದೆ, ಮೀನಿನ ಹಾಗೆ ಈಜಾಡುತ್ತಾರೆ. ಕಷ್ಟ ಇರುವುದು ಆ ತೀರ್ಪನ್ನು ತಲೆಯಲ್ಲಿಟ್ಟುಕೊಂಡೇ ಭೂಮಿಗೆ ಇಳಿಯಬೇಕಲ್ಲ, ಅಲ್ಲಿ.

2025ರ ಜುಲೈ 15ರಂದು ಶುಕ್ಲಾ ಅವರಿದ್ದ ನೌಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ ಸಮುದ್ರಕ್ಕಿಳಿಯಿತು. ನೌಕೆಯಿಂದ ಹೊರಬಂದ ಅವರನ್ನು ಪಕ್ಕದವರು ಹಿಡಿದುಕೊಂಡಿದ್ದ ಚಿತ್ರ ಎಲ್ಲರೂ ನೋಡಿದ್ದೀರಿ. ಆಮೇಲೆ ಅವರೇ ಹೇಳಿಕೊಂಡ ಎರಡು ಸಂಗತಿ ನನಗೆ ಯಾವ ಪಠ್ಯಪುಸ್ತಕಕ್ಕಿಂತ ಹೆಚ್ಚು ಅರ್ಥ ಮಾಡಿಸಿದವು. ಫೋಟೊ ತೆಗೆಯಲು ಮೊಬೈಲ್ ಇಸಕೊಂಡರೆ ಅದು ವಿಪರೀತ ಭಾರ ಅನಿಸಿತಂತೆ. ಇನ್ನೊಮ್ಮೆ ಹಾಸಿಗೆಯ ಮೇಲೆ ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ, ಗಾಳಿಯಲ್ಲಿ ಬಿಟ್ಟುಬಿಟ್ಟರು, ತೇಲುತ್ತದೆ ಅನ್ನುವ ಧೈರ್ಯದಲ್ಲಿ. ಅದು ಕೆಳಗೆ ಬಿತ್ತು. ಪುಣ್ಯಕ್ಕೆ ನೆಲಕ್ಕೆ ಜಮಖಾನೆ ಇತ್ತು.

ಇಂಥ ಚಿತ್ರ ನೋಡಿದಾಗ ಜನ ‘ಪಾಪ, ಕಾಲಾಗ ತಾಕತ್ತಿಲ್ಲ’ ಅಂತಾರೆ. ತಾಕತ್ತು ಕಡಿಮೆಯಾಗುವುದೂ ಸುಳ್ಳಲ್ಲ. ಆದರೆ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇರುವವರು ದಿನಕ್ಕೆ ಸುಮಾರು ಎರಡು ತಾಸು ವ್ಯಾಯಾಮ ಮಾಡುತ್ತಾರೆ. ಸ್ನಾಯು ಗಟ್ಟಿಯಾಗಿದ್ದವರೂ ಇಳಿದ ದಿನ ಕಣ್ಣು ಮುಚ್ಚಿ ನಿಲ್ಲು ಅಂದರೆ ಜೋಲಿ ಹೊಡೆಯುತ್ತಾರೆ. ಓಡುವ ಯಂತ್ರದ ಮೇಲೆ ಎಷ್ಟು ಓಡಿದರೂ ಕಿವಿಯ ಹರಳಿಗೆ ಭೂಮಿಯ ಭಾರ ಸಿಗುವುದಿಲ್ಲವಲ್ಲ. ಕೆಳಗೆ ಬಿದ್ದ ಚಪ್ಪಲಿ ಎತ್ತಲು ತಲೆ ಬಗ್ಗಿಸಿದರೆ ಹರಳು ಜಾರುತ್ತದೆ, ಮಿದುಳು ಹಳೆಯ ಅಭ್ಯಾಸದಂತೆ ‘ಓಹೋ, ಯಾರೋ ದೂಡಿದರು’ ಅಂತ ತಿಳಿದು ಮೈಯನ್ನು ಎದುರು ಕಡೆ ವಾಲಿಸುತ್ತದೆ. ಬೀಳುವುದು ಹೀಗೆ. ಮೂಲೆ ತಿರುಗುವಾಗ ಗೋಡೆಗೆ ಹಾಯುತ್ತಾರೆ. ಕೆಲವು ದಿನ ಕಾರು ಓಡಿಸಲು ಬಿಡುವುದಿಲ್ಲ. ಸ್ವಲ್ಪ ದಿನ ಹೋಗಿಬಂದವರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ, ತಿಂಗಳುಗಟ್ಟಲೆ ಇದ್ದು ಬಂದವರಿಗೆ ವಾರಗಳು ಹಿಡಿಯುತ್ತವೆ.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ ಎರಡು ಬೇರೆ ಬೇರೆ ಮಾತಿವೆ: ‘ಕಣ್ಣಿಗೆ ಕತ್ತಲಿ ಬಂತು’ ಅನ್ನೋದು ಒಂದು, ‘ತಲಿ ಗರಗರ ತಿರಗತು’ ಅನ್ನೋದು ಇನ್ನೊಂದು. ಮೊದಲನೆಯದು ಹೆಚ್ಚಾಗಿ ರಕ್ತದೊತ್ತಡದ್ದು, ಎದ್ದು ನಿಂತಾಗ ತಲೆಗೆ ರಕ್ತ ಸಾಲದೆ ಬರುವಂಥದ್ದು. ಎರಡನೆಯದು ಹೆಚ್ಚಾಗಿ ಕಿವಿಯದು. ಗಗನಯಾನಿಗಳಿಗೆ ಇಳಿದ ದಿನ ಎರಡೂ ಒಟ್ಟಿಗೆ ಬರಬಹುದು. ವೈದ್ಯರ ಹತ್ತಿರ ಹೋದಾಗ ‘ಚಕ್ಕರ್ ಬರತೈತ್ರಿ’ ಅಂತ ಒಂದೇ ಮಾತಿನಲ್ಲಿ ಮುಗಿಸದೆ ಇವೆರಡರಲ್ಲಿ ಯಾವುದು ಅಂತ ಬಿಡಿಸಿ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಇದೆಲ್ಲ ನಮಗೆ ಈಗ ಯಾಕೆ ಮುಖ್ಯ? ಗಗನಯಾನ. ನಮ್ಮದೇ ರಾಕೆಟ್‌ನಲ್ಲಿ ನಮ್ಮವರನ್ನು ಸುಮಾರು 400 ಕಿಲೋಮೀಟರ್ ಎತ್ತರಕ್ಕೆ ಕಳಿಸಿ ಸಮುದ್ರಕ್ಕೆ ಇಳಿಸಿಕೊಳ್ಳುವ ಯೋಜನೆ. ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ, ಈ ನಾಲ್ವರ ಹೆಸರು 2024ರ ಫೆಬ್ರುವರಿ 27ರಂದು ಪ್ರಕಟವಾಯಿತು. ಯಾನದ ಅವಧಿ ಮೂರು ದಿನ ಅಂತ ಇಸ್ರೊ ಹೇಳಿದೆ. ಮೂರು ದಿನ ಅಂದರೆ ಸಣ್ಣದು, ಸುಲಭ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಮೊದಲ ಎರಡು ಮೂರು ದಿನವೇ ಅಲ್ಲವೇ ಕಷ್ಟದ್ದು? ಪಂಚ ಹೊಸ ತೀರ್ಪು ಬರೆದು ಮುಗಿಸುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ವಾತಾವರಣ ಸೀಳಿಕೊಂಡು ಬರುವಾಗ ಮೈಮೇಲೆ ತೂಕದ ಹಲವು ಪಟ್ಟು ಭಾರ, ಆಮೇಲೆ ಅಲೆಗಳ ಮೇಲೆ ಹೊಯ್ದಾಡುವ ಮುಚ್ಚಿದ ನೌಕೆ. ನೌಕಾಪಡೆಯವರು ಬಂದು ಎತ್ತಿಕೊಳ್ಳುವುದೇ ಲೆಕ್ಕ. ಆದರೆ ಒಳಗೆ ಹೊಗೆಯೋ, ನೀರೋ ಬಂತು ಅಂದರೆ? ತಲೆ ತಿರುಗುತ್ತಿರುವ ಮನುಷ್ಯ ತಾನೇ ಬೆಲ್ಟು ಬಿಚ್ಚಿ, ತಾನೇ ಬಾಗಿಲು ದಾಟಿ ಹೊರಬರಬೇಕು.

ಈ ತಯಾರಿಗೆ ಬೆಂಗಳೂರಿನಲ್ಲೇ ಹಳೆಯ ಮನೆ ಇದೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಕೆಲಸ ಮಾಡುತ್ತಿದೆ. ಗಗನಯಾನದ ಅಭ್ಯರ್ಥಿಗಳನ್ನು ಪರೀಕ್ಷಿಸಿದ್ದು ಇಲ್ಲೇ. ವಿಮಾನ ಚಾಲಕರಿಗೆ ಕಿವಿಯ ಮೋಸ ಹೊಸದಲ್ಲ. ಮೋಡದೊಳಗೆ ನಿಧಾನವಾಗಿ ಓರೆಯಾದ ವಿಮಾನ ನೆಟ್ಟಗಿದೆ ಅಂತಲೇ ಕಿವಿ ಹೇಳುತ್ತದೆ, ನಂಬಿದವರು ನೆಲಕ್ಕೆ ಅಪ್ಪಳಿಸಿದ್ದಾರೆ. ಅದಕ್ಕೇ ಅವರಿಗೆ ಮೊದಲು ಕಲಿಸುವುದು, ಮೈ ಏನೇ ಹೇಳಲಿ ಎದುರಿನ ಮುಳ್ಳು ತೋರಿಸಿದ್ದನ್ನು ನಂಬು ಅಂತ. ಗಗನಯಾನಿಗಳನ್ನು ಯುದ್ಧವಿಮಾನದ ಪರೀಕ್ಷಾ ಚಾಲಕರಿಂದ ಆರಿಸಿದ್ದಕ್ಕೆ ಇದೂ ಒಂದು ಒಳ್ಳೆಯ ಕಾರಣ ಅಂತ ನನ್ನ ಲೆಕ್ಕ. ತಿರುಗುವ ಕುರ್ಚಿಯಲ್ಲಿ ಕೂರಿಸಿ ತಲೆ ಆಡಿಸುವ ಅಭ್ಯಾಸ ಇದೆ, ಮಾತ್ರೆ, ಚುಚ್ಚುಮದ್ದು ಇವೆ. ವಾಂತಿಯ ಮದ್ದು ನಿದ್ದೆಯನ್ನೂ ತರುತ್ತದೆ ಅನ್ನೋದು ಅದರ ತೊಡಕು.

ಈಗ ಕೆಳಗೆ, ನಮ್ಮ ಮನೆಗೆ ಬರ್ತೀನಿ. ಕೂರಿಗೆ ಬಟ್ಟಲ ಹಿಡಿಯಲು ಹೇಳಿದ್ದ ಅದೇ ಅಜ್ಜ, ಎಪ್ಪತ್ತು ದಾಟಿದ ಮೇಲೆ ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದವನು ‘ಜಂತಿ ತಿರಗಾಕತ್ತಾವ, ಹಿಡಕೋರಿ’ ಅಂತ ಕೂಗಿದ. ಅರ್ಧ ನಿಮಿಷ, ಆಮೇಲೆ ಸರಿ. ಮತ್ತೆ ಮಲಗಿದರೆ ಮತ್ತೆ. ಬಿಪಿ ಅಂದರು, ನಿಶ್ಶಕ್ತಿ ಅಂದರು, ತಿಂಗಳುಗಟ್ಟಲೆ ಗುಳಿಗೆ ನುಂಗಿದ. ಬೀಳುವ ಹೆದರಿಕೆಗೆ ಹೊಲಕ್ಕೆ ಹೋಗುವುದು ಬಿಟ್ಟ, ಆಮೇಲೆ ಗುಡಿಗೆ ಹೋಗುವುದೂ ಬಿಟ್ಟ. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಅವನ ತಲೆ ಒಂದು ಕಡೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಹೇಗೆ ಅದುರುತ್ತದೆ ಅಂತ ನೋಡಿದರು. ಕಿವಿಯ ಚೀಲದ ಹರಳು ಕಳಚಿ ತಿರುಗುವ ಸುದ್ದಿಯ ಕೊಳವೆಯೊಳಗೆ ಬಿದ್ದಿತ್ತು. ಮುದುಕರಲ್ಲಿ ಬಹಳ ಸಾಮಾನ್ಯ. ಅಮೆರಿಕದ ಜಾನ್ ಎಪ್ಲೆ ಅನ್ನುವ ವೈದ್ಯರು ರೂಪಿಸಿದ ಕ್ರಮದಂತೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಮರಳಿ ಚೀಲಕ್ಕೆ ಉರುಳಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಜ್ಜ ಹೊರಗೆ ಬಂದು, ‘ಹರಳ ಕದಲಿದ್ದಕ್ಕ ಇಷ್ಟ ತಿಂಗಳ ಹೋತಲ್ಲೋ’ ಅಂದ.

ಎಲ್ಲ ತಲೆಸುತ್ತೂ ಹರಳಿನದಲ್ಲ. ಜೊತೆಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಮನೆಮದ್ದು ನೋಡುತ್ತಾ ಕೂರಬ್ಯಾಡ್ರಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗ್ರಿ. ತಲೆ ತಿರುಗಿಸುವ ಆ ಕ್ರಮವನ್ನೂ ಮೊಬೈಲಿನಲ್ಲಿ ನೋಡಿ ಹಿರಿಯರ ಕುತ್ತಿಗೆಗೆ ಮಾಡಬ್ಯಾಡ್ರಿ, ಗೊತ್ತಿದ್ದವರೇ ಮಾಡಲಿ.

ಕೊನೆಗೆ ಹೆಸರುಕಾಳು. ಬಾಹ್ಯಾಕಾಶದಲ್ಲಿ ಬೇರಿನ ಹರಳು ಕೂರಲು ತಳವೇ ಇರುವುದಿಲ್ಲ, ಕೋಶದೊಳಗೆ ಚೆದುರಿರುತ್ತದೆ. ಹಾಗಾಗಿ ಅಲ್ಲಿ ಮೊಳೆಯುವ ಬೀಜಗಳ ಬೇರು ಮೊದಲು ಬೀಜದ ಮೂತಿ ಯಾವ ಕಡೆ ಇತ್ತೋ ಆ ಕಡೆ ಹೊರಡುತ್ತದೆ, ಆಮೇಲೆ ತೇವ, ಬೆಳಕಿನ ಜಾಡು ಹಿಡಿಯುತ್ತದೆ. ಮರಳಿ ಬಂದ ನಮ್ಮ ಮೊಳಕೆಗಳಲ್ಲಿ ಪೋಷಕಾಂಶ, ಸೂಕ್ಷ್ಮಜೀವಿ, ವಂಶವಾಹಿಗಳಲ್ಲಿ ಏನು ಬದಲಾಗಿದೆ ಅಂತ ನೋಡುವುದು ಧಾರವಾಡದ ಪ್ರಯೋಗದ ಉದ್ದೇಶ, ಗಗನಯಾನಿಗಳ ತಟ್ಟೆಗೆ ತಾಜಾ ಮೊಳಕೆಕಾಳು ಬೀಳಲಿ ಅಂತ.

ಭೂಮಿಯ ಕರೆಯನ್ನು ನಿಮ್ಮ ಮನೆಯಲ್ಲೇ ನೋಡಬೇಕಾದರೆ ಬಾಹ್ಯಾಕಾಶಕ್ಕೇನೂ ಹೋಗಬೇಕಿಲ್ಲ. ನೆನೆಸಿದ ಹೆಸರುಕಾಳನ್ನು ಗಾಜಿನ ಲೋಟದ ಗೋಡೆಗೆ ಒದ್ದೆ ಬಟ್ಟೆ ಒತ್ತಿ ನಿಲ್ಲಿಸ್ರಿ. ಬೇರು ಬೆರಳಿನ ಒಂದು ಗೆಣ್ಣಿನಷ್ಟು ಇಳಿದ ಮೇಲೆ ಲೋಟವನ್ನು ಅಡ್ಡ ಮಲಗಿಸಿ, ಕತ್ತಲಲ್ಲಿ ಇಟ್ಟುಬಿಡ್ರಿ. ಮರುದಿನ ಬೆಳಿಗ್ಗೆ ಮಕ್ಕಳನ್ನ ಕರೆದು ಬೇರು ಬಗ್ಗಿದ ಜಾಗ ತೋರಿಸ್ರಿ. ಹರಳು ಉರುಳಿದ್ದು ಆ ಬಗ್ಗಿದ ಜಾಗದಲ್ಲಿ ಅಲ್ಲ, ತುದಿಯಲ್ಲಿ.